ಒಂದೇ ಕಂಪನಿಯ ದಾಖಲೆ ಇಟ್ಟುಕೊಂಡು ಡಿಬಿಎ ಮುಗಿಸಿದೆ

ಡಿಬಿಎ ಅಂದರೆ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಡಾಕ್ಟರೇಟ್. ಅದರ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಸಣ್ಣ ತಿದ್ದುಪಡಿಗಳ ಮೇಲೆ ಪಾಸು. ಇನ್ನು ಧೈರ್ಯವಾಗಿ ಬರೆಯಬಹುದು.

ನಾನು ಕೆಲಸ ಮಾಡುವ ಕಂಪನಿಯೊಳಗೇ ಆಕ್ಷನ್ ರಿಸರ್ಚ್ (ಒಂದು ಬದಲಾವಣೆ ತಂದು, ಫಲ ನೋಡಿ, ತಿದ್ದಿ, ಸೈಕಲ್ ಅನ್ನೋ ಸುತ್ತುಗಳಲ್ಲಿ ಮುಂದುವರಿಯುವ ಸಂಶೋಧನೆ) ಮಾಡಿ ಡಿಬಿಎ ಮುಗಿಸುತ್ತೇನೆ ಅಂದಾಗ ನಮ್ಮ ಬ್ಯಾಚಿನಲ್ಲಿ ಒಬ್ಬರೂ ಒಪ್ಪಲಿಲ್ಲ. 'ಒಂದೇ ಕಂಪನಿ ಅಂದ್ರೆ ಕನ್ಸಲ್ಟಿಂಗ್ ರಿಪೋರ್ಟ್ ಆಗುತ್ತೆ, ಥೀಸಿಸ್ ಆಗಲ್ಲ' ಅನ್ನೋದು ಎಲ್ಲರ ಮಾತು. ಗೈಡ್ ಕೂಡ ಬಹಳ ದಿನ ಹಿಂಜರಿದರು. 'ಕನಿಷ್ಠ ಮುನ್ನೂರು ಜನರ ಸರ್ವೆ ಇದ್ದರೆ ಎಕ್ಸಾಮಿನರ್ ಬಾಯಿ ಮುಚ್ಚಿಸಬಹುದು' ಅಂತ ಅವರ ಸಲಹೆ.

ಹಾಗಾಗಿ ಮೊದಲು ಸರ್ವೆಯನ್ನೇ ಮಾಡಿದೆ. ಹತ್ತಿರ ಹತ್ತಿರ ಒಂದೂವರೆ ವರ್ಷ ಅದಕ್ಕೇ ಹೋಯಿತು. ವಿಷಯ, ಸರಬರಾಜು ಸರಪಳಿಯಲ್ಲಿ ನಂಬಿಕೆ ಮತ್ತು ಮಾಹಿತಿ ಹಂಚಿಕೆ. ಏಳು ಕನ್‌ಸ್ಟ್ರಕ್ಟ್ (ನಂಬಿಕೆಯಂಥ, ಹಲವು ಪ್ರಶ್ನೆಗಳಿಂದ ಅಳೆಯುವ ಪರಿಕಲ್ಪನೆ), ಸುಮಾರು ಐವತ್ತು ಪ್ರಶ್ನೆ, ಐದು ಅಂಕದ ಲಿಕರ್ಟ್ (1 ಅಂದರೆ ಸ್ವಲ್ಪವೂ ಒಪ್ಪಲ್ಲ, 5 ಅಂದರೆ ಪೂರ್ತಿ ಒಪ್ಪುತ್ತೇನೆ). ಒಂಬೈನೂರು ಜನಕ್ಕೆ ಕಳಿಸಿದ್ದೆ, ವಾಪಸ್ ಬಂದದ್ದು ಎಂಬತ್ತರ ಆಸುಪಾಸು. ಆಮೇಲೆ ದುಡ್ಡು ಕೊಟ್ಟು, ಸರ್ವೆಗೆ ಜನ ಒದಗಿಸುವ ಪ್ಯಾನೆಲ್‌ನಿಂದ ಇನ್ನೂರೈವತ್ತು ಉತ್ತರ ತರಿಸಿದೆ. ಒಂದು ವರ್ಷದ ಫೀಸಿನ ಕಾಲು ಭಾಗ ಅಲ್ಲಿಗೇ ಖರ್ಚು.

ಕ್ರಾನ್‌ಬಾಕ್ ಆಲ್ಫಾ (ಒಂದೇ ಕನ್‌ಸ್ಟ್ರಕ್ಟಿನ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ, 1ಕ್ಕೆ ಹತ್ತಿರ ಅಂದರೆ ಹೆಚ್ಚು ಹೊಂದಿಕೆ) ಎಲ್ಲ ಕಡೆ 0.9ರ ಮೇಲೆ ಬಂತು. ಗೈಡ್‌ಗೆ ಖುಷಿ. ನನಗೆ ಮಾತ್ರ ಅನುಮಾನ. ಇಪ್ಪತ್ತು ನಿಮಿಷದ ಫಾರ್ಮನ್ನು ಜನ ಮೂರು ನಾಲ್ಕು ನಿಮಿಷದಲ್ಲಿ ಮುಗಿಸಿದ್ದರು. ಬೇಕಂತಲೇ ಎರಡು ಉಲ್ಟಾ ಪ್ರಶ್ನೆ ಸೇರಿಸಿದ್ದೆ, ಅವನ್ನು ಆಲ್ಫಾ ಲೆಕ್ಕಕ್ಕೆ ಹಿಡಿದಿರಲಿಲ್ಲ. 'ಸಪ್ಲೈಯರ್ ಮೇಲೆ ನಂಬಿಕೆ ಇದೆ' ಅನ್ನೋದಕ್ಕೆ 4 ಒತ್ತಿದವರು 'ನಂಬಿಕೆ ಇಲ್ಲ' ಅನ್ನೋದಕ್ಕೂ 4 ಒತ್ತಿದ್ದರು. ಒಬ್ಬ ಎಲ್ಲದಕ್ಕೂ 4, ಇನ್ನೊಬ್ಬ ಎಲ್ಲದಕ್ಕೂ 3 ಒತ್ತಿದರೆ ಆಲ್ಫಾ ತಾನಾಗಿ ಏರುತ್ತದೆ. ಅಂಥವರನ್ನೆಲ್ಲ ತೆಗೆದ ಮೇಲೆ ಉಳಿದದ್ದು ಅರವತ್ತೋ ಎಪ್ಪತ್ತೋ. ಅದರ ಮೇಲೆ ಏಳು ಕನ್‌ಸ್ಟ್ರಕ್ಟಿನ ಮಾಡೆಲ್ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ. ಆ ಡೇಟಾ ಬಿಟ್ಟುಬಿಟ್ಟೆ. ಹೊಟ್ಟೆ ಉರಿದದ್ದು ನಿಜ.

ಅಷ್ಟರಲ್ಲಿ ಆಫೀಸಿನಲ್ಲಿ ನಿಜವಾದ ಸಮಸ್ಯೆ ಕಣ್ಣೆದುರೇ ಇತ್ತು. ಮಾಲಿನ ಕೊರತೆ ಬರುತ್ತದೆ ಅನ್ನಿಸಿದ ತಕ್ಷಣ ಬ್ರಾಂಚ್ ಮ್ಯಾನೇಜರ್‌ಗಳು ಇಂಡೆಂಟ್ (ಹೆಡ್ ಆಫೀಸಿಗೆ ಕಳಿಸುವ ಮಾಲಿನ ಬೇಡಿಕೆ) ಉಬ್ಬಿಸುತ್ತಿದ್ದರು. ನೂರು ಬೇಕಾದ ಕಡೆ ನೂರಅರವತ್ತು ಕೇಳುವುದು. ಆರ್ಡರ್ ನೋಡಿ ಪಾಲು ಹಂಚುತ್ತಾರೆ ಅಂತ ಅವರಿಗೆ ಗೊತ್ತು. ಜಾಸ್ತಿ ಕೇಳಿದವನಿಗೆ ಜಾಸ್ತಿ ಸಿಗುತ್ತದೆ, ಅಲ್ವಾ? ಕೊರತೆ ಮುಗಿದ ಮೇಲೆ ಅದೇ ಮಾಲು ಗೋದಾಮಿನಲ್ಲಿ ಕೊಳೆಯುತ್ತದೆ. 1997ರಲ್ಲಿ ಸಂಶೋಧಕ ಹೌ ಲೀ ಮತ್ತು ಸಂಗಡಿಗರು ಬುಲ್‌ವಿಪ್‌ಗೆ (ಗಿರಾಕಿಯ ಬೇಡಿಕೆಯ ಸಣ್ಣ ಏರಿಳಿತ ಸರಪಳಿಯಲ್ಲಿ ಮೇಲೆ ಹೋದಂತೆ ದೊಡ್ಡದಾಗುವುದು) ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಮದ್ದನ್ನೂ ಅಲ್ಲೇ ಹೇಳಿದ್ದಾರೆ. ಕೊರತೆ ಇದ್ದಾಗ ಆರ್ಡರ್ ನೋಡಬೇಡಿ, ಹಿಂದಿನ ಮಾರಾಟ ನೋಡಿ ಹಂಚಿ.

ಮದ್ದು ಗೊತ್ತಿದ್ದೂ ಕಂಪನಿಗಳಲ್ಲಿ ಅದು ಯಾಕೆ ಹಿಡಿಯುವುದಿಲ್ಲ? ಇದೇ ನನ್ನ ಪ್ರಶ್ನೆ. ಡಿಬಿಎಗೆ ಇಂಥ ಪ್ರಶ್ನೆಯೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊಸ ಥಿಯರಿ ಹುಟ್ಟಿಸುವ ಹಠ ಬೇಡ. ಗೊತ್ತಿರುವ ಥಿಯರಿ ಕೆಲಸದ ಜಾಗದಲ್ಲಿ ಎಲ್ಲಿ ಮುರಿಯುತ್ತದೆ ಅಂತ ತೋರಿಸಿದರೆ ಅದೇ ದೊಡ್ಡ ಕೊಡುಗೆ.

ಮೊದಲ ಸೈಕಲ್ ಪೂರ್ತಿ ಕೈಕೊಟ್ಟಿತು. ಹೊಸ ಹಂಚಿಕೆ ನಿಯಮದ ಸರ್ಕ್ಯುಲರ್ ಹೊರಟಿತು, ಮುಂದಿನ ತಿಂಗಳು ಇಂಡೆಂಟ್ ಇನ್ನೂ ಏರಿತು! ಮ್ಯಾನೇಜರ್‌ಗಳನ್ನು ಕೂರಿಸಿ ಕೇಳಿದರೆ, ನಿಯಮ ಅರ್ಥವಾಗಿದೆ, ಹೆಡ್ ಆಫೀಸ್ ಅದನ್ನು ಪಾಲಿಸುತ್ತದೆ ಅಂತ ಮಾತ್ರ ನಂಬಿಕೆ ಇಲ್ಲ. 'ಯಾರೋ ದೊಡ್ಡವರಿಗೆ ಫೋನ್ ಮಾಡಿದವನಿಗೆ ಮಾಲು ಹೋಗುತ್ತೆ ಸರ್' ಅಂತ ಒಬ್ಬರು ಹೇಳಿದರು. ನನ್ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಮಾತಿನಿಂದ.

ಎರಡನೇ ಸೈಕಲ್‌ನಲ್ಲಿ ಹಂಚಿಕೆಯ ಲೆಕ್ಕದ ಶೀಟನ್ನೇ ಎಲ್ಲ ಬ್ರಾಂಚಿಗೂ ಮೊದಲೇ ತೆರೆದಿಟ್ಟೆವು. ಯಾರಿಗೆ ಎಷ್ಟು, ಯಾವ ಲೆಕ್ಕದಲ್ಲಿ, ಯಾರಿಗೆ ವಿನಾಯಿತಿ ಸಿಕ್ಕಿತು, ಕೊಟ್ಟವರು ಯಾರು ಅಂತ ಎಲ್ಲ ಅದರಲ್ಲೇ. ಮೂರು ತಿಂಗಳಲ್ಲಿ ಇಂಡೆಂಟ್ ಮತ್ತು ಮಾರಾಟದ ಅನುಪಾತ 1.6ರಿಂದ 1.2ರ ಹತ್ತಿರ ಇಳಿಯಿತು. ಮೂರನೇ ಸೈಕಲ್‌ನಲ್ಲಿ ಇನ್ನೂ ಸ್ವಲ್ಪ. ಸೀಸನ್ ಕಾರಣಕ್ಕೆ ಇಳಿದಿರಬಹುದು ಅಂತ ಕೇಳುತ್ತಾರೆ, ಕೇಳಲೇಬೇಕು. ಅದಕ್ಕೆ ಒಂದಷ್ಟು ಬ್ರಾಂಚುಗಳಲ್ಲಿ ಶೀಟನ್ನು ಒಂದು ತ್ರೈಮಾಸಿಕ ತಡವಾಗಿ ಶುರು ಮಾಡಿದ್ದೆ. ಅಲ್ಲಿ ತಡವಾಗಿಯೇ ಇಳಿಯಿತು. ಈ ಯೋಜನೆ ಬಗ್ಗೆ ನನಗೆ ಹೆಮ್ಮೆ ಇದೆ, ಹೇಳಿಕೊಳ್ಳಲು ಸಂಕೋಚ ಇಲ್ಲ.

ಎಥಿಕ್ಸ್ ಕಮಿಟಿ ಮೊದಲ ಅರ್ಜಿಯನ್ನು ವಾಪಸ್ ಕಳಿಸಿತ್ತು. ಒಳಗಿನವರೇ ಸಂಶೋಧಕರಾದರೆ ಕಮಿಟಿಗೆ ಕಾಣುವುದು ಅಧಿಕಾರದ ಪ್ರಶ್ನೆ. ನಿಮ್ಮ ಕೈಕೆಳಗಿನವರು ನಿಮಗೆ 'ಬೇಡ' ಅನ್ನುತ್ತಾರಾ? ನನಗೆ ರಿಪೋರ್ಟ್ ಮಾಡುವ ಯಾರನ್ನೂ ಇಂಟರ್‌ವ್ಯೂ ಮಾಡುವುದಿಲ್ಲ ಅಂತ ಬರೆದು ಕೊಟ್ಟ ಮೇಲೆ ದಾರಿ ಸಲೀಸಾಯಿತು. ಇನ್ನೊಂದು ವಿಷಯ. ಬ್ರಾಂಚ್ ಎ, ಬ್ರಾಂಚ್ ಬಿ ಅಂತ ಬರೆದರೆ ಗುರುತು ಮುಚ್ಚಿದ ಹಾಗಲ್ಲ. ಅತಿ ದೊಡ್ಡ ಬ್ರಾಂಚ್ ಯಾವುದು ಅಂತ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಸಂಖ್ಯೆಗಳನ್ನೆಲ್ಲ ಅನುಪಾತ ಮಾಡಿಬಿಟ್ಟೆ.

ಇಂಟರ್‌ವ್ಯೂ ಇಪ್ಪತ್ತು ಚಿಲ್ಲರೆ. ಹನ್ನೆರಡು ಸಾಕು ಅಂತ 2006ರ ಗೆಸ್ಟ್ ಮತ್ತು ಸಂಗಡಿಗರ ಲೇಖನವನ್ನು ಎಲ್ಲರೂ ತೋರಿಸುತ್ತಾರೆ. ಅಲ್ಲಿ ಮಾತಾಡಿಸಿದ್ದು ಒಂದೇ ಬಗೆಯ ಗುಂಪನ್ನು ಅನ್ನೋದು ಮರೆಯಬೇಡಿ. ನನ್ನಲ್ಲಿ ಬ್ರಾಂಚಿನವರು, ಹೆಡ್ ಆಫೀಸಿನವರು, ಗೋದಾಮಿನವರು ಮೂರು ಗುಂಪು. ಎಕ್ಸಾಮಿನರ್ ಇದನ್ನೇ ಕೇಳಿದರು. ಉತ್ತರ ತಯಾರಿತ್ತು. ಇಂಟರ್‌ವ್ಯೂ ಶುರುವಾಗುವಾಗ ನಾನು ಕೇಳುತ್ತಿದ್ದ ಒಂದು ಪ್ರಶ್ನೆ ಇದೆ, ಎಂಥ ಬಿಗಿ ಮನುಷ್ಯನೂ ಬಾಯಿ ಬಿಡುತ್ತಿದ್ದ. ಅದನ್ನು ಮುಂದಿನ ಪೇಪರಿಗೆ ಇಟ್ಟುಕೊಂಡಿದ್ದೇನೆ, ಇಲ್ಲಿ ಬರೆಯಲ್ಲ.

ಕೋಡಿಂಗ್‌ಗೆ (ಇಂಟರ್‌ವ್ಯೂ ಮಾತುಗಳಿಗೆ ವಿಷಯವಾರು ಗುರುತು ಹಾಕುವುದು) ಎನ್‌ವಿವೋ ಅನ್ನೋ ಸಾಫ್ಟ್‌ವೇರಿನ ಲೈಸೆನ್ಸ್ ಒಂದು ವರ್ಷಕ್ಕೆ ತೆಗೆದುಕೊಂಡೆ, ನವೀಕರಿಸಲಿಲ್ಲ. ಈ ಗಾತ್ರದ ಕೆಲಸಕ್ಕೆ ಸ್ಪ್ರೆಡ್‌ಶೀಟ್ ಸಾಕು. ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿ ನೋಡಿದೆ. ಐದಾರು ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಎರಡು ತಿಂಗಳು ಬಿಟ್ಟು ಹಳೆಯ ಕೋಡ್ ನೋಡದೆ ಮತ್ತೆ ಕೋಡ್ ಮಾಡಿದೆ. ಮುಕ್ಕಾಲು ಪಾಲು ಹೊಂದಿತು. ಹೊಂದದ ಕಾಲು ಭಾಗದಲ್ಲೇ 'ನಿಯಮದ ಮೇಲಿನ ನಂಬಿಕೆ' ಮತ್ತು 'ಮನುಷ್ಯರ ಮೇಲಿನ ನಂಬಿಕೆ' ಬೇರೆ ಬೇರೆ ಅಂತ ಹೊಳೆಯಿತು. ಇಡೀ ಥೀಸಿಸ್ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಬಿಸಾಡಿದ ಸರ್ವೆ ಡೇಟಾದ ಮೇಲೆ ಪಿಎಲ್‌ಎಸ್ (ಕನ್‌ಸ್ಟ್ರಕ್ಟ್‌ಗಳ ನಡುವಿನ ಸಂಬಂಧವನ್ನು ಬಾಣಗಳ ಮಾಡೆಲ್ಲಾಗಿ ಲೆಕ್ಕ ಹಾಕುವ ವಿಧಾನ) ಕೂಡ ಓಡಿಸಿ ನೋಡಿದೆ. ಚಂದದ ಬಾಣಗಳು ಬಂದವು, ಉಪಯೋಗ ಇಲ್ಲ.

ಇನ್ನು ದುಡ್ಡು. ಪ್ರಾಸ್ಪೆಕ್ಟಸ್‌ನ ಫೀಸನ್ನು ನೋಡಿ ಬಜೆಟ್ ಹಾಕಬೇಡಿ. ನನಗೆ ಒಟ್ಟು ಬಿದ್ದದ್ದು ಅದರ ಒಂದೂಕಾಲು ಪಟ್ಟು. ಪ್ಯಾನೆಲ್, ಟ್ರಾನ್ಸ್‌ಕ್ರಿಪ್ಷನ್, ಪ್ರೂಫ್ ನೋಡಿಸಿದ್ದು, ಎಲ್ಲಕ್ಕಿಂತ ಜಾಸ್ತಿ ಅವಧಿ ಮೀರಿದ ಮೇಲೆ ಕಟ್ಟುವ ಕಂಟಿನ್ಯುಯೇಷನ್ ಫೀಸು. ಕಂಪನಿ ಪೂರ್ತಿ ಫೀಸು ಕೊಡಲು ತಯಾರಿತ್ತು, ಜೊತೆಗೆ ಉದ್ದದ ಬಾಂಡ್. ನಾನು ಅರ್ಧ ಮಾತ್ರ ತೆಗೆದುಕೊಂಡೆ, ಬಾಂಡ್ ಕೂಡ ಅರ್ಧಕ್ಕೆ ಇಳಿಯಿತು. ಮುಖ್ಯವಾಗಿ, ಫಲಿತಾಂಶ ಹೇಗೇ ಬಂದರೂ ಬರೆಯಬಹುದು ಅಂತ ಪತ್ರ ತೆಗೆದುಕೊಂಡೆ, ಬದಲಿಗೆ ಥೀಸಿಸ್ ಎರಡು ವರ್ಷ ಹೊರಗೆ ಕಾಣದಂತೆ ಎಂಬಾರ್ಗೋ ಹಾಕಲು ಒಪ್ಪಿದೆ. ಆ ಪತ್ರ ಮೊದಲೇ ಇರಲಿಲ್ಲ ಅಂದರೆ ಕೈಕೊಟ್ಟ ಸೈಕಲ್ಲಿನ ಕಥೆ ಬರೆಯಲು ಬಿಡುತ್ತಿರಲಿಲ್ಲ.

ಸೇರುವ ಮುಂಚೆ ಕೋರ್ಸಿನ ಮಾನ್ಯತೆ ನೋಡುವಾಗ ಒಂದು ಸೂಕ್ಷ್ಮ ಇದೆ. ಬಿಸಿನೆಸ್ ಸ್ಕೂಲುಗಳ ಅಂತರರಾಷ್ಟ್ರೀಯ ಮಾನ್ಯತೆಗಳಲ್ಲಿ ಎಎಸಿಎಸ್‌ಬಿ ಮತ್ತು ಈಕ್ವಿಸ್ ನೋಡುವುದು ಇಡೀ ಬಿಸಿನೆಸ್ ಸ್ಕೂಲನ್ನು, ಆಂಬಾ ಡಿಬಿಎ ಕೋರ್ಸನ್ನೇ ಪರಿಶೀಲಿಸುತ್ತದೆ. ಇವೆಲ್ಲ ಇದ್ದರೂ, ಪದವಿ ಕೊಡುವ ಅಧಿಕಾರ ಸಂಸ್ಥೆಗೆ ಅದರ ದೇಶದಲ್ಲಿ ಇದೆಯಾ ಅನ್ನೋದನ್ನು ಬೇರೆಯಾಗಿ ನೋಡಿ.

ವೈವಾ ಎರಡು ಗಂಟೆ ಮೀರಿತು. 'ಇದು ಬೇರೆ ಕಂಪನಿಗೆ ಹೇಗೆ ಅನ್ವಯ?' ಅಂತ ಕೇಳುತ್ತಾರೆ ಅಂತ ಗೊತ್ತಿತ್ತು. ಅಂಕಿಸಂಖ್ಯೆಯ ಸಾಮಾನ್ಯೀಕರಣ ನಾನು ಹೇಳುತ್ತಿಲ್ಲ, ಯಾವ ಪರಿಸ್ಥಿತಿಯಲ್ಲಿ ಯಾವ ಕಾರಣ ಕೆಲಸ ಮಾಡಿತು ಅಂತ ಹೇಳುತ್ತಿದ್ದೇನೆ ಅಂದೆ. ಕೈಕೊಟ್ಟ ಮೊದಲ ಸೈಕಲ್ ತೆರೆದು ತೋರಿಸಿದೆ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಅರ್ಧ ಗಂಟೆ ಆ ಅಧ್ಯಾಯದಲ್ಲೇ ಕೂತರು. ತಿದ್ದುಪಡಿ ಬಂದದ್ದು ಹೆಚ್ಚಾಗಿ ಸಾಹಿತ್ಯ ವಿಮರ್ಶೆಗೆ, ಮೆಥಡ್‌ಗೆ ಒಂದೂ ಇಲ್ಲ. ಸರ್ವೆ ಮಾಡು ಅಂದಿದ್ದ ಗೈಡ್ ಈಗ ಹೊಸ ಬ್ಯಾಚಿನ ಇಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಲೆಕ್ಕದ ಶೀಟ್ ಇವತ್ತಿಗೂ ಪ್ರತಿ ತಿಂಗಳು ಬ್ರಾಂಚುಗಳಿಗೆ ಹೋಗುತ್ತಿದೆ.