ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ, ಕೆಲಸ ನಿರಾಕರಿಸಿದರೆ ದೂರು ಕೊಡುವುದು ಹೇಗೆ?

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುತ್ತದೆ. ರಕ್ತಪರೀಕ್ಷೆಯ ವರದಿ ಬಂದ ಮೇಲೆ ‘ಹಾಸಿಗೆ ಖಾಲಿ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎನ್ನುತ್ತಾರೆ. ಎಚ್‌ಐವಿ ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಇಂಥ ತಾರತಮ್ಯವನ್ನು ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ನಿಷೇಧಿಸಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಈ ಕಾಯ್ದೆಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಸೋಂಕು ಇರುವವರಷ್ಟೇ ಅಲ್ಲ, ಅವರ ಜೊತೆ ವಾಸಿಸುವವರಿಗೂ ಇದರ ರಕ್ಷಣೆಯಿದೆ. ಕಷ್ಟ ಇರುವುದು ಸಾಕ್ಷ್ಯದಲ್ಲಿ. ಬಾಯಿಮಾತಿನಲ್ಲಿ ಆದ ನಿರಾಕರಣೆ ಎಲ್ಲಿಯೂ ದಾಖಲಾಗುವುದಿಲ್ಲ. ಹಾಗಾಗಿ ದೂರಿನ ತಯಾರಿ ಅದೇ ದಿನ ಶುರುವಾಗಬೇಕು.

ಮೊದಲು ಕಾಗದ

ಕಾರಣವನ್ನು ಬರೆದುಕೊಡಿ ಎಂದು ಕೇಳಿ. ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದರೆ ರೆಫರಲ್ ಚೀಟಿಯಲ್ಲಿ ಕಾರಣ ನಮೂದಿಸಲು ಒತ್ತಾಯಿಸಿ. ಕೊಡದಿದ್ದರೆ ಅಂದೇ ಆಸ್ಪತ್ರೆಯ ಇ–ಮೇಲ್‌ಗೆ ನಾಲ್ಕು ಸಾಲು ಕಳಿಸಿ: ‘ಇಂದು ಇಷ್ಟು ಗಂಟೆಗೆ, ಇಂಥ ವಾರ್ಡಿನಲ್ಲಿ, ಇಂಥವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದು ಹೇಳಿದ್ದಾರೆ. ಕಾರಣ ತಿಳಿಸಿ.’ ಉತ್ತರ ಬರದಿದ್ದರೂ ಆ ಸಂದೇಶ ನಿಮ್ಮ ಕೈಯಲ್ಲಿ ದಾಖಲೆಯಾಗಿ ಉಳಿಯುತ್ತದೆ.

ಒಪಿಡಿ ಚೀಟಿ, ದಾಖಲಾತಿ ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿ. ಶಸ್ತ್ರಚಿಕಿತ್ಸೆ ನಿಗದಿಯಾದ ದಿನ, ವರದಿ ಬಂದ ದಿನ, ರದ್ದಾದ ದಿನ – ಈ ಮೂರೂ ಕಾಗದದ ಮೇಲಿದ್ದರೆ ದೂರಿನ ಅರ್ಧ ಕೆಲಸ ಮುಗಿದಂತೆ. ಮಂಚಕ್ಕೋ ಕೇಸ್ ಶೀಟಿನ ಮೇಲೋ ಎಚ್‌ಐವಿ ಎಂದು ಎದ್ದು ಕಾಣುವಂತೆ ಬರೆದಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಒಪ್ಪಿಗೆ ಪಡೆಯದೆ, ಆಪ್ತ ಸಮಾಲೋಚನೆ ನಡೆಸದೆ ಪರೀಕ್ಷೆ ಮಾಡಿದ್ದರೆ ಅದು 5ನೇ ಸೆಕ್ಷನ್‌ನ ಉಲ್ಲಂಘನೆ. ದೂರಿನಲ್ಲಿ ಬೇರೆಯಾಗಿಯೇ ಬರೆಯಿರಿ.

‘ನಮ್ಮ ಸಿಬ್ಬಂದಿ ಹೆದರುತ್ತಾರೆ’ ಎಂಬ ಉತ್ತರ ನಿಲ್ಲುವುದಿಲ್ಲ. ಸೋಂಕು ತಗಲುವ ಅಪಾಯವಿರುವ ಸಿಬ್ಬಂದಿಗೆ ಸುರಕ್ಷತಾ ಸಾಮಗ್ರಿ ಮತ್ತು ತರಬೇತಿ ಕೊಡುವುದು ಆಸ್ಪತ್ರೆಯದ್ದೇ ಹೊಣೆ. ಸೂಜಿ ಚುಚ್ಚಿಕೊಂಡರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಕೊಡುವ ಮುನ್ನೆಚ್ಚರಿಕೆಯ ಔಷಧವೂ ಇದೆ. ಇಷ್ಟೆಲ್ಲ ಇರುವಾಗ ಸಿಬ್ಬಂದಿಯ ಭಯದ ಬೆಲೆಯನ್ನು ರೋಗಿ ತೆರಬೇಕಾಗಿಲ್ಲ.

ಕೆಲಸದಿಂದ ತೆಗೆದಿದ್ದರೆ ಮಾಲೀಕರಿಂದ ಎರಡು ಕಾಗದ ಕೇಳಿ. ಒಂದು, ನೀವು ಕೆಲಸಕ್ಕೆ ಅನರ್ಹರು ಅಥವಾ ನಿಮ್ಮಿಂದ ಇತರರಿಗೆ ಸೋಂಕು ಹರಡುವ ಗಣನೀಯ ಅಪಾಯವಿದೆ ಎಂದು ಅರ್ಹ, ಸ್ವತಂತ್ರ ವೈದ್ಯಕೀಯ ತಜ್ಞರು ಕೊಟ್ಟ ಲಿಖಿತ ವರದಿ. ಇನ್ನೊಂದು, ನಿಮಗೆ ಹೊಂದುವ ಅನುಕೂಲ ಕಲ್ಪಿಸಲು ತಮಗಿರುವ ಆಡಳಿತಾತ್ಮಕ ಅಥವಾ ಹಣಕಾಸಿನ ತೊಂದರೆ ಏನೆಂದು ಮಾಲೀಕರೇ ಬರೆದುಕೊಟ್ಟ ಹೇಳಿಕೆ. ಇವನ್ನು ಕೊಡದಿದ್ದರೆ ಅಂಥ ಅಪಾಯವಾಗಲಿ ತೊಂದರೆಯಾಗಲಿ ಇಲ್ಲವೆಂದೇ ಕಾಯ್ದೆ ಭಾವಿಸುತ್ತದೆ. ಬಹಳ ಮಂದಿ ಇದು ತಿಳಿಯದೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ದಯವಿಟ್ಟು ಹಾಗೆ ಸಹಿ ಹಾಕಬೇಡಿ. ಸ್ವಇಚ್ಛೆಯಿಂದ ಬಿಟ್ಟರು ಎಂದು ಅದನ್ನೇ ಮುಂದಿಡುತ್ತಾರೆ.

ಯಾರಿಗೆ ಕೊಡಬೇಕು?

ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ಆರೋಗ್ಯ ಸಂಸ್ಥೆಯಾದರೆ 20 ಜನರಿದ್ದರೂ ಸಾಕು. ಅದರ ಮೇಲೆ, ಇಂಥ ದೂರುಗಳನ್ನು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್. ಇವರಿಗೆ ಸಂತ್ರಸ್ತರೇ ದೂರು ಕೊಡಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು. ದೂರು ಬಂದ 30 ದಿನದೊಳಗೆ ಆದೇಶ ಹೊರಡಿಸಬೇಕು. ವೈದ್ಯಕೀಯ ತುರ್ತಿದ್ದರೆ ಸಾಧ್ಯವಾದಷ್ಟು ಬೇಗ, ಆದಷ್ಟೂ 24 ಗಂಟೆಯೊಳಗೆ. ಆದ್ದರಿಂದ ತುರ್ತು ಇದ್ದರೆ ‘ವೈದ್ಯಕೀಯ ತುರ್ತು’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಎರಡನೇ ಪುಟದಲ್ಲಿ ಬರೆದರೆ ಸಾಮಾನ್ಯ ಅರ್ಜಿಗಳ ಸಾಲಿಗೆ ಸೇರಿಬಿಡಬಹುದು. ಓಂಬುಡ್ಸ್‌ಮನ್ ವಿಳಾಸವನ್ನು ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯಲ್ಲಿ ವಿಚಾರಿಸಿ. ಎಆರ್‌ಟಿ (ಎಚ್‌ಐವಿ ಔಷಧ ಕೊಡುವ) ಕೇಂದ್ರದ ಆಪ್ತ ಸಮಾಲೋಚಕರನ್ನೂ ಉಚಿತ ಸಹಾಯವಾಣಿ 1097 ಅನ್ನೂ ಕೇಳಬಹುದು. ತಡಮಾಡಬೇಡಿ, ಮೂರು ತಿಂಗಳು ದಾಟಲು ಬಿಡಬೇಡಿ.

ದೂರು ಒಂದೂವರೆ ಪುಟ ಮೀರದಿರಲಿ. ಏನಾಯಿತು, ಯಾವಾಗ, ಎಲ್ಲಿ, ಯಾರಿಂದ, ಯಾರು ನೋಡಿದರು – ಇಷ್ಟನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ಬಹುತೇಕರು ಎಡವುವುದು ಕೋರಿಕೆಯ ಸಾಲಿನಲ್ಲಿ. ‘ನ್ಯಾಯ ಕೊಡಿಸಿ’ ಎಂದರೆ ಆದೇಶದಲ್ಲಿ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ‘ಇದೇ ವಾರ ಶಸ್ತ್ರಚಿಕಿತ್ಸೆಗೆ ದಿನ ನಿಗದಿ ಮಾಡುವಂತೆ ನಿರ್ದೇಶಿಸಿ’, ‘ಅದೇ ಹುದ್ದೆಗೆ ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿ’ ಎಂದು ಖಚಿತವಾಗಿ ಕೇಳಿ.

ಗುಟ್ಟು ರಟ್ಟಾಗದಂತೆ

ದೂರಿನ ತಲೆಭಾಗದಲ್ಲಿ ‘ದೂರುದಾರರ ಗುರುತು ಗೋಪ್ಯವಾಗಿಡಿ’ ಎಂದು ಬರೆದು, ಲಕೋಟೆಯ ಮೇಲೆ ‘ಗೋಪ್ಯ’ ಎಂದಷ್ಟೇ ಹಾಕಿ. ಎಆರ್‌ಟಿ ಪುಸ್ತಕವನ್ನು ಪೂರ್ತಿ ಜೆರಾಕ್ಸ್ ಮಾಡಿ ಲಗತ್ತಿಸುವ ಅಗತ್ಯವಿಲ್ಲ. ಘಟನೆಗೆ ಸಂಬಂಧಿಸಿದ ಪುಟ ಸಾಕು. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಒಂದೇ ಅರ್ಜಿಯ ಪ್ರತಿಯನ್ನು ಹತ್ತು ಕಚೇರಿಗೆ ಕಳಿಸಿದರೆ ಕೆಲಸ ಬೇಗ ಆಗುವುದಿಲ್ಲ, ಗುಟ್ಟು ಮಾತ್ರ ಹತ್ತು ಮೇಜು ಸುತ್ತುತ್ತದೆ. ವಿಷಯ ನ್ಯಾಯಾಲಯಕ್ಕೆ ಹೋದರೆ 34ನೇ ಸೆಕ್ಷನ್ ಅಡಿ ನಿಜನಾಮದ ಬದಲು ಬೇರೆ ಹೆಸರಿನಲ್ಲಿ ಪ್ರಕರಣ ನಡೆಸಲು, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಮಾಡಲು ಮೊದಲ ದಿನವೇ ಅರ್ಜಿ ಹಾಕಿ. ವಕೀಲರ ನೆರವಿಗೆ ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಆದೇಶ ಬಂದ ಮೇಲೂ ಸಂಸ್ಥೆ ಸುಮ್ಮನಿದ್ದರೆ, ಎಷ್ಟು ದಿನ ಕಳೆದಿದೆ ಎಂದು ಲೆಕ್ಕ ಹಾಕಿ ಓಂಬುಡ್ಸ್‌ಮನ್‌ಗೆ ಲಿಖಿತವಾಗಿ ತಿಳಿಸಿ. ಆದೇಶ ಪಾಲಿಸದಿದ್ದರೆ ₹10,000ದವರೆಗೆ ದಂಡ, ಆಮೇಲೂ ಮುಂದುವರಿದರೆ ದಿನಕ್ಕೆ ₹5,000ದವರೆಗೆ ಹೆಚ್ಚುವರಿ ದಂಡ ವಿಧಿಸಬಹುದು. ದೂರು ಕೊಟ್ಟಿದ್ದಕ್ಕೆ ಕಿರುಕುಳ ಕೊಟ್ಟರೆ ಅದನ್ನೂ ದಿನಾಂಕ ಸಹಿತ ಬರೆದಿಡಿ. 40ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ನಿಮ್ಮ ಪರವಾಗಿ ಸಾಕ್ಷಿ ಹೇಳಿದವರಿಗೂ ಆ ರಕ್ಷಣೆ ಇದೆ.