ಇಂಗ್ಲಿಷ್ ಮೊದಲು ಬಾಯಿಗೆ ಬರಲಿ, ಆಮೇಲೆ ನೋಟ್‌ಬುಕ್ಕಿಗೆ

ಕಾರವಾರದ ಕಡೆ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಮೂರನೇ ಭಾಷೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇದು. ಸರ್ಕಾರಿ ಶಾಲೆಯಲ್ಲೂ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ಆಗ ಮಗುವಿಗೆ ಕನ್ನಡ ಅಕ್ಷರವೇ ಇನ್ನೂ ಪೂರ್ತಿ ಕೂತಿರೋದಿಲ್ಲ, ಅಲ್ವಾ? ಹಾಗಾಗಿ ಶುರುವಿನಲ್ಲಿ ಬರೆಸಲೇಬೇಡಿ. ಮಾತಾಡಿಸಿ.

ಮಗುವಿಗೆ ಆಗಲೇ ಗೊತ್ತಿರುವ ಪದಗಳನ್ನು ಅದರ ಬಾಯಿಂದಲೇ ಹೊರಡಿಸಿ. ಬೈತಖೋಲ ಬಂದರಿನ ಹತ್ತಿರದವರಾದರೆ ಬೋಟ್, ನೆಟ್, ಐಸ್, ಇಂಜಿನ್. ಶಿರಸಿ ಕಡೆ ತೋಟದ ಮನೆಯವರಾದರೆ ಪಂಪ್, ಪೈಪ್, ಗೇಟ್, ಬಸ್. ಹಲಗೆ ಮೇಲೆ ಚಿತ್ರ ಬಿಡಿಸಿ, ಅಥವಾ ವಸ್ತುವನ್ನೇ ಕೈಗೆ ಕೊಡಿ.

ಪದ ಸಿಕ್ಕ ಕೂಡಲೇ ವಾಕ್ಯಕ್ಕೆ ಸೇರಿಸಿ: ‘ದಿಸ್ ಈಸ್ ಎ ಬೋಟ್.’ ಮಕ್ಕಳು ‘ದಿಸ್ ಬೋಟ್’ ಅಂತಾರೆ. ಯಾಕಂದ್ರೆ ಕನ್ನಡದಲ್ಲಿ ‘ಇದು ಬೋಟ್’ ಅಂದರೆ ಮಾತು ಮುಗೀತು, ‘ಈಸ್’ ಕೂರೋಕೆ ಅಲ್ಲಿ ಜಾಗವೇ ಇಲ್ಲ. ಮಗು ದಡ್ಡ ಅಲ್ಲ, ಅದಕ್ಕೆ ಗೊತ್ತಿರುವ ವ್ಯಾಕರಣವನ್ನು ಸರಿಯಾಗಿಯೇ ಬಳಸುತ್ತಿದೆ. ಬೈಯದೆ, ತಡೆಯದೆ ‘ಹೌದು, ದಿಸ್ ಈಸ್ ಎ ಬೋಟ್’ ಅಂತ ನೀವು ಸ್ಪಷ್ಟವಾಗಿ ಹೇಳಿ ಮುಂದೆ ಹೋಗಿ. ನಾಮಪದ, ಕ್ರಿಯಾಪದ ಅನ್ನೋ ಹೆಸರೆಲ್ಲ ಈಗ ಬೇಡ.

ಬಹುವಚನಕ್ಕೆ ಸಂತೆ ಆಟ ಆಡಿಸಿ. ಕಾರವಾರದ ಭಾನುವಾರದ ಸಂತೆ ಎಲ್ಲರೂ ನೋಡಿದ್ದೇ. ನಾವು ‘ಎರಡು ಬಾಳೆಹಣ್ಣು’ ಅಂತೀವಿ, ಹಣ್ಣುಗಳು ಅನ್ನೋದಿಲ್ಲ, ಅದಕ್ಕೇ ಮಕ್ಕಳ ಬಾಯಲ್ಲಿ ‘ಟು ಬನಾನಾ’ ಬರೋದು. ಒಬ್ಬರು ‘ಹೌ ಮೆನಿ?’ ಅಂತ ಕೇಳಲಿ, ಇನ್ನೊಬ್ಬರು ‘ಟು ಬನಾನಾಸ್, ಫೈವ್ ಕೋಕೊನಟ್ಸ್’ ಅನ್ನಲಿ. ನಲಿಕಲಿ ತರಗತಿಯಲ್ಲಿ ಮೂರನೇ ಕ್ಲಾಸಿನವರು ಒಂದನೇ ಕ್ಲಾಸಿನವರ ಜೊತೆಗೇ ಇರುತ್ತಾರಲ್ಲ, ಕೇಳುವ ಕೆಲಸ ದೊಡ್ಡವರಿಗೇ ಕೊಡಿ. ಒಂದೇ ಎಚ್ಚರಿಕೆ: ಕರಾವಳಿ ಮಕ್ಕಳು ಮೊದಲು ಮಾರೋಕೆ ಕೂರೋದೇ ಬಾಂಗಡೆ. ಆದರೆ ಹತ್ತು ಮೀನಾದರೂ ಇಂಗ್ಲಿಷಿನಲ್ಲಿ ‘ಟೆನ್ ಫಿಶ್’. ‘ಸ್’ ಸೇರಿಸೋದು ರೂಢಿ ಆಗುವವರೆಗೆ ಮೀನಿನ ಅಂಗಡಿ ತೆರೆಯಬೇಡಿ.

ಆನ್, ಅಂಡರ್, ಇನ್ ಕಲಿಸೋಕೆ ಒಂದು ಗೇರುಬೀಜ ಸಾಕು. ‘ಪುಟ್ ಇಟ್ ಅಂಡರ್ ದ ಬುಕ್’ ಅನ್ನಿ, ಮಗು ಇಡಲಿ. ಕನ್ನಡದಲ್ಲಿ ‘ಪುಸ್ತಕದ ಕೆಳಗೆ’, ಇಂಗ್ಲಿಷಿನಲ್ಲಿ ‘ಕೆಳಗೆ’ ಮೊದಲು ಬರುತ್ತದೆ. ಈ ಅದಲುಬದಲನ್ನು ವಿವರಿಸುತ್ತಾ ಕೂತರೆ ಮಕ್ಕಳಿಗೆ ಸುಮ್ನೆ ಗೊಂದಲ. ದಿನಾ ಐದು ನಿಮಿಷ ಆಡಿಸಿದರೆ ತಾನಾಗೇ ಬರುತ್ತದೆ. ಆಮೇಲೆ ಮಕ್ಕಳೇ ನಿಮಗೆ ಆರ್ಡರ್ ಕೊಡಲಿ, ಅದು ಅವರಿಗೆ ಭಾರೀ ಖುಷಿ.

ಇಷ್ಟು ಬಾಯಿಗೆ ಬಂದ ಮೇಲೆ ಪೆನ್ಸಿಲ್ ಕೊಡಿ. ಬಸ್, ನೆಟ್, ಪಂಪ್, ಪೆನ್ ಮೊದಲು ಬರೆಸಿ, ಇವುಗಳಲ್ಲಿ ಒಂದೊಂದು ಅಕ್ಷರದ ಸದ್ದೂ ಕಿವಿಗೆ ಬೀಳುತ್ತದೆ. ಬೋಟ್, ಐಸ್, ಪೈಪ್ ಹಾಗಲ್ಲ, ಕೇಳಿಸದ ಅಕ್ಷರವನ್ನೂ ಬರೀಬೇಕು. ಅವು ಮುಂದಿನ ತಿಂಗಳಿಗಿರಲಿ.