ಕುರಿ ನೆಣ ಕಾಯಿಸಿಟ್ಟುಕೊಳ್ಳುವುದು: ನನ್ನ ಅನುಭವ

ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮೂರಲ್ಲಿ ಗುಡ್ಡೆ ಬಾಡು ಹಾಕುತ್ತಾರೆ. ನಾಲ್ಕೈದು ಮನೆಯವರು ಸೇರಿ ಒಂದು ಕುರಿ ಕೊಯ್ದು, ಸಮಸಮವಾಗಿ ಗುಡ್ಡೆ ಮಾಡಿ ಹಂಚಿಕೊಳ್ಳುವುದು. ಪಾಲಿಗೆ ಬಂದ ನೆಣ, ಅಂದರೆ ಕುರಿಯ ಕೊಬ್ಬು, ಎಷ್ಟೋ ಮನೆಗಳಲ್ಲಿ ನಾಯಿ ಬಾಯಿಗೆ ಹೋಗುತ್ತಿತ್ತು. ಅವ್ವ ಅದಕ್ಕೆ ಬಿಡುತ್ತಿರಲಿಲ್ಲ. ಚಳ್ಳಕೆರೆ ಸೀಮೆಯವರು ನಾವು. ಹೊಲದ ತುಂಬ ಶೇಂಗಾ, ಪೇಟೆ ತುಂಬ ಎಣ್ಣೆ ಮಿಲ್ಲು, ಎಣ್ಣೆಗೆ ಬರವೇ ಇರಲಿಲ್ಲ. ಆದರೂ ನೆಣ ಕಾಯಿಸಿ ಇಡುತ್ತಿದ್ದಳು. ಹುರುಳಿಕಾಳಿನ ಸಾರಿಗೆ ಒಂದು ಚಮಚ ನೆಣದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬಾಡಿಲ್ಲದ ದಿನವೂ ಮುದ್ದೆ ಜೊತೆ ಬಾಡಿನ ಸಾರು ಉಂಡ ಹಾಗಿರುತ್ತಿತ್ತು.

ಈಗ ನಮ್ಮ ಮನೆ ಚಿತ್ರದುರ್ಗದಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ಭಾನುವಾರ ಮಟನ್ ಜೊತೆ ಅರ್ಧ ಕೆ.ಜಿ. ನೆಣ ಕೇಳಿ ತರುತ್ತೇನೆ. ಕಿಡ್ನಿ ಸುತ್ತ ಇರುವುದನ್ನೇ ಕೇಳುವುದು. ಅದು ಹಾಲುಬಿಳುಪು, ಗಟ್ಟಿ, ಬೆರಳಲ್ಲಿ ತಿಕ್ಕಿದರೆ ಉದುರುತ್ತದೆ. ಬೆನ್ನಿನ ನೆಣಕ್ಕೆ ಪೊರೆ, ಮಾಂಸ ಅಂಟಿಕೊಂಡಿರುತ್ತದೆ, ವಾಸನೆಯೂ ಜಾಸ್ತಿ. ಬಲಿತ ಟಗರಿನದ್ದಾದರೆ ನಾನು ತರುವುದೇ ಇಲ್ಲ.

ಮೊದಲ ಸಲ ದೊಡ್ಡ ಉರಿಯಲ್ಲಿ ಹಾಗೇ ಬಾಣಲೆಗೆ ಹಾಕಿದೆ. ಹೊರಗೆ ಕರಕಲು, ಒಳಗೆ ಹಸಿ, ಎಣ್ಣೆ ಎಲ್ಲಾ ಕಹಿ. ಅಷ್ಟನ್ನೂ ಚೆಲ್ಲಬೇಕಾಯಿತು. ಆಮೇಲೆ ಅವ್ವನ ಕೈಯಲ್ಲಿ ನೋಡಿದ್ದು ನೆನಪಾಯಿತು: ಅವಳು ನೀರು ಹಾಕುತ್ತಿದ್ದಳು. ಉಗುರಿನಷ್ಟು ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಗೆ ಹಾಕಿ, ಅರ್ಧ ಲೋಟ ನೀರು ಬಿಟ್ಟು, ಸಣ್ಣ ಉರಿ. ನೀರು ಇರುವ ತನಕ ಶಾಖ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ನೆಣ ಸೀಯದೆ ಕರಗುತ್ತದೆ. ಮೊದಲು ಮಜ್ಜಿಗೆಯ ಹಾಗೆ ಬೆಳ್ಳಗೆ ಕುದಿಯುತ್ತದೆ. ಮುಕ್ಕಾಲು ಗಂಟೆಯ ಹೊತ್ತಿಗೆ ತಿಳಿಯಾಗಿ ತಳ ಕಾಣಿಸುತ್ತದೆ, ದೊಡ್ಡ ಗುಳ್ಳೆ ಹೋಗಿ ಸಣ್ಣ ಗುಳ್ಳೆ ಏಳುತ್ತದೆ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಚಟಪಟ ಸದ್ದು ಕಮ್ಮಿಯಾಗುತ್ತಾ ಬಂದು ನಿಂತರೆ ನೀರು ಪೂರ್ತಿ ಹೋಯಿತು ಎಂದು ಅರ್ಥ. ತುಂಡುಗಳು ಜೇನಿನ ಬಣ್ಣಕ್ಕೆ ತಿರುಗಿದಾಗ ಒಲೆ ಆರಿಸುತ್ತೇನೆ. ಆ ಗರಿಗರಿ ತುಂಡಿಗೆ ಉಪ್ಪು, ಖಾರದ ಪುಡಿ, ಹಸಿ ಈರುಳ್ಳಿ ಬೆರೆಸಿದರೆ ಮಕ್ಕಳು ಒಲೆ ಮುಂದೆ ನಿಂತೇ ಖಾಲಿ ಮಾಡುತ್ತಾರೆ.

ಹಳೇ ಪಂಚೆಯ ತುಂಡಲ್ಲಿ ಎರಡು ಸಲ ಸೋಸಿ, ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬುತ್ತೇನೆ. ತಣ್ಣಗಾದರೆ ಮೇಣದಬತ್ತಿಯ ಹಾಗೆ ಹೆಪ್ಪುಗಟ್ಟುತ್ತದೆ. ಇದಕ್ಕೆ ಶತ್ರು ನೀರು. ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಬಾಟಲಿ ಹೊರಗಿತ್ತು, ಯಾರೋ ಒದ್ದೆ ಚಮಚ ಅದ್ದಿದ್ದರು, ಎರಡೇ ವಾರಕ್ಕೆ ಕಮಟು ಹಿಡಿಯಿತು. ಈಗ ಎರಡು ಸಣ್ಣ ಬಾಟಲಿ ಮಾಡಿ, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಫ್ರೀಜರ್‌ನಲ್ಲಿ ಇಡುತ್ತೇನೆ. ಪಾತ್ರೆಗೆ ಅಂಟಿದ್ದನ್ನು ಸಿಂಕ್‌ಗೆ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ. ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ.

ಇನ್ನೊಂದು ನೆಣ ಇದೆ, ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಉಳಿದ ಬಾಡಿನ ಸಾರನ್ನು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಕೆಂಪು ತಟ್ಟೆಯ ಹಾಗೆ ಕಟ್ಟಿರುತ್ತದಲ್ಲ, ಅದು. ಮೆಣಸಿನಕಾಯಿಯ ಬಣ್ಣವೂ ಖಾರವೂ ನೀರಿಗಿಂತ ಜಿಡ್ಡಿಗೇ ಇಳಿಯುವುದರಿಂದ ಬ್ಯಾಡಗಿಯ ಕೆಂಪೆಲ್ಲಾ ಅಲ್ಲೇ ಸೇರಿರುತ್ತದೆ. ಚಮಚದಲ್ಲಿ ಎತ್ತಿ, ಅಡಿಗಂಟಿದ ಸಾರು ಇಂಗುವ ತನಕ ಬಿಸಿ ಮಾಡಿ, ಬೇರೆ ಡಬ್ಬಿಗೆ ತೆಗೆದಿಡುತ್ತೇನೆ. ಮಸಾಲೆ ಸೇರಿರುವುದರಿಂದ ಇದು ಬಾಳಿಕೆ ಬರುವುದಿಲ್ಲ, ನಾಲ್ಕು ದಿನದೊಳಗೆ ಮುಗಿಸಬೇಕು. ಅವರೆಕಾಳಿನ ಪಲ್ಯಕ್ಕೆ, ಮೊಟ್ಟೆ ಬುರ್ಜಿಗೆ ಇದನ್ನು ಹಾಕಿದ ದಿನ ಬೇರೆ ಮಸಾಲೆ ಬೇಕಾಗುವುದಿಲ್ಲ.

ನೆಣದಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆಯದು. ಹಾಗಾಗಿ ನಾಲ್ಕು ಜನರ ಅಡುಗೆಗೆ ಒಂದು ಟೀ ಚಮಚ, ಅದೂ ಎಣ್ಣೆಯ ಬದಲಿಗೆ, ವಾರಕ್ಕೆ ಒಂದೆರಡು ದಿನ. ಬಿಸಿ ಊಟಕ್ಕೆ ಮಾತ್ರ. ಕರಗಲು ಮೈಶಾಖಕ್ಕಿಂತ ಹೆಚ್ಚು ಬಿಸಿ ಬೇಕು, ಆರಿದರೆ ಬಾಯಿಯ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ. ಚಿತ್ರಾನ್ನಕ್ಕೆ, ಮಕ್ಕಳ ಡಬ್ಬಿಗೆ ಬೇಡವೇ ಬೇಡ.

ರಾಗಿ ರೊಟ್ಟಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ. ದಾವಣಗೆರೆ ದೋಸೆಗೆ ಬೆಣ್ಣೆಯೇ ಸರಿ, ಒಪ್ಪುತ್ತೇನೆ. ಆದರೆ ರೊಟ್ಟಿ ಹಂಚಿನ ಮೇಲೆ ತುಂಬಾ ಹೊತ್ತು ಇರಬೇಕು, ಅಷ್ಟರಲ್ಲಿ ಬೆಣ್ಣೆಯೊಳಗಿನ ಹಾಲಿನ ಅಂಶ ಕಪ್ಪಾಗುತ್ತದೆ. ಸೋಸಿದ ನೆಣದಲ್ಲಿ ಸೀಯುವಂಥದ್ದೇನೂ ಉಳಿದಿರುವುದಿಲ್ಲ. ಅರ್ಧಕ್ಕೆ ಕೊಯ್ದ ಈರುಳ್ಳಿಯನ್ನು ನೆಣಕ್ಕೆ ಅದ್ದಿ ಕಬ್ಬಿಣದ ಹಂಚಿಗೆ ತಿಕ್ಕುತ್ತೇನೆ. ರೊಟ್ಟಿ ಮುಗಿದ ಮೇಲೆ ಹಂಚು ತೊಳೆಯದೆ ಬಟ್ಟೆಯಲ್ಲಿ ಒರೆಸಿಡುತ್ತೇನೆ. ಅಂಚು ಕೆಂಪಾದ ಆ ಈರುಳ್ಳಿಯನ್ನೇ ಹೆಚ್ಚಿ ಬುರ್ಜಿಗೆ ಹಾಕುವುದು.